ಆ ಕಪ್ಪು ಗೆರೆ ರಸ್ತೆಯಲ್ಲ, ಕಲ್ಲಿನ ಮೆರವಣಿಗೆ

ಕಳೆದ ಸಂಚಿಕೆಯ ನಡುಪುಟದಲ್ಲಿ ಒಂದು ಫೋಟೋ ಹಾಕಿದ್ದೆವು. ಸ್ವಿಟ್ಜರ್ಲೆಂಡಿನ ಆಲ್ಪ್ಸ್ ಬೆಟ್ಟಗಳಲ್ಲಿರುವ ಆಲೆಚ್ ಹಿಮನದಿಯದ್ದು. ಎಗ್ಗಿಸ್‌ಹಾರ್ನ್ ಅನ್ನುವ ಬೆಟ್ಟದ ನೆತ್ತಿಯಿಂದ ನಾನೇ ತೆಗೆದದ್ದು. ಚಳಿಗೆ ಕೈ ನಡುಗುತ್ತಿತ್ತು, ಅದಕ್ಕೇ ಒಂದು ಮೂಲೆ ಮಸುಕಾಗಿದೆ. ಅದರ ಕೆಳಗೆ ಬರೆದದ್ದು ಒಂದೇ ಸಾಲು: ‘ಆಲ್ಪ್ಸ್‌ನ ಅತಿ ದೊಡ್ಡ ಹಿಮನದಿ, ಉದ್ದ ಸುಮಾರು 20 ಕಿಲೋಮೀಟರ್.’ ಅಷ್ಟಕ್ಕೇ ಬಿಟ್ಟಿದ್ದು ತಪ್ಪಾಯಿತು ಅಂತ ಕಾಣುತ್ತದೆ. ಕಾಗದ, ಇಮೇಲ್, ವಾಟ್ಸಾಪ್ ಎಲ್ಲ ಸೇರಿ ಪ್ರಶ್ನೆಗಳ ರಾಶಿಯೇ ಬಂದಿದೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಆಲೆಚ್‌ಗೇ ಮೀಸಲು.

ಪ್ರಶ್ನೆ: ಸಾರ್, ಫೋಟೋದಲ್ಲಿ ಬಿಳಿ ಹಿಮದ ಮೇಲೆ ಎರಡು ಕಪ್ಪು ಗೆರೆ ಉದ್ದಕ್ಕೂ ಜೋಡಿಯಾಗಿ ಓಡುತ್ತವಲ್ಲ, ಅದು ಡಾಂಬರು ರಸ್ತೆನಾ? ನಮ್ಮ ಮನೆಯಲ್ಲಿ ಇದೇ ವಿಷಯಕ್ಕೆ ಪಂದ್ಯ ಕಟ್ಟಿದ್ದಾರೆ.
(ಗೃಹಿಣಿ, ದಾವಣಗೆರೆ)

ರಸ್ತೆ ಅಂದವರು ಸೋತರು. ಆದರೆ ಅವರನ್ನು ಆಡಿಕೊಳ್ಳಬೇಡಿ ಅಮ್ಮಾ, ಮೊದಲ ಸಲ ನೋಡಿದಾಗ ನನಗೂ ಹಾಗೇ ಅನ್ನಿಸಿತ್ತು, ಯಾರೋ ಜೀಪು ಓಡಿಸಿಕೊಂಡು ಹೋಗಿದ್ದಾರೆ ಅಂತ. ಅದು ಕಲ್ಲು. ಮರಳಿನಷ್ಟು ಸಣ್ಣದರಿಂದ ಹಿಡಿದು ಲಾರಿಯಷ್ಟು ದೊಡ್ಡದರವರೆಗಿನ ಕಲ್ಲು, ಸಾಲು ಹಿಡಿದು ಹಿಮದ ಬೆನ್ನ ಮೇಲೆ ಕೆಳಗೆ ಹೊರಟಿದೆ.

ಇದು ಅರ್ಥವಾಗಬೇಕಾದರೆ ಮೇಲಿನಿಂದ ಶುರು ಮಾಡಬೇಕು. ಆಲೆಚ್ ಒಂದೇ ಕಡೆ ಹುಟ್ಟುವುದಿಲ್ಲ. ಯುಂಗ್‌ಫ್ರೌ, ಮೋಂಖ್, ಆಲೆಚ್‌ಹಾರ್ನ್, ಹೀಗೆ 4,000 ಮೀಟರ್ ದಾಟಿದ ಶಿಖರಗಳ ಮಡಿಲಲ್ಲಿ ದೊಡ್ಡ ದೊಡ್ಡ ಹಿಮದ ಬೋಗುಣಿಗಳಿವೆ. ಅವುಗಳಲ್ಲಿ ಮೂರು ಮುಖ್ಯ, ನಾಲ್ಕನೆಯದು ಚಿಕ್ಕದು. ಎಲ್ಲವೂ ಇಳಿದು ಬಂದು ಕೊಂಕೊರ್ಡಿಯಾಪ್ಲಾಟ್ಸ್ ಎಂಬ ಬಯಲಿನಲ್ಲಿ ಒಂದಾಗುತ್ತವೆ. ಸಂಗಮ ಅನ್ನಿ. ಕೂಡ್ಲಿಯಲ್ಲಿ ತುಂಗೆ, ಭದ್ರೆ ಸೇರುವುದನ್ನು ನೋಡಿದ್ದೀರಲ್ಲ, ಎರಡು ನದಿಗಳ ನೀರು ಸೇರಿದ ಮೇಲೆ ಕಲೆತುಹೋಗುತ್ತದೆ. ಹಿಮಕ್ಕೆ ಆ ಅಭ್ಯಾಸವಿಲ್ಲ. ಸೇರಿದ ಮೇಲೂ ಮೂರೂ ಅಕ್ಕಪಕ್ಕದಲ್ಲೇ, ತಂತಮ್ಮ ದಾರಿಯಲ್ಲೇ, ಭುಜಕ್ಕೆ ಭುಜ ತಾಗಿಸಿಕೊಂಡು ಹೋಗುತ್ತವೆ.

ಪ್ರತಿಯೊಂದು ಹಿಮನದಿಯ ಅಂಚಿನಲ್ಲೂ ಪಕ್ಕದ ಬೆಟ್ಟದಿಂದ ಉದುರಿದ ಕಲ್ಲು ಬಿದ್ದಿರುತ್ತದೆ. ಎರಡು ಹಿಮನದಿ ಸೇರಿದಾಗ ಒಂದರ ಬಲ ಅಂಚು, ಇನ್ನೊಂದರ ಎಡ ಅಂಚು ಕೂಡಿಕೊಂಡು ನಡುವೆ ಒಂದು ಕಲ್ಲಿನ ಗೆರೆಯಾಗುತ್ತದೆ. ಮೂರು ಸೇರಿದರೆ ಎರಡು ಗೆರೆ. ಲೆಕ್ಕ ಸರಿ ಹೋಯಿತಲ್ವಾ? ಒಂದು ಗೆರೆ ಕ್ರಾಂಟ್ಸ್‌ಬರ್ಗ್ ಅನ್ನುವ ಬೆಟ್ಟದ ಕಲ್ಲು, ಇನ್ನೊಂದು ಟ್ರೂಗ್‌ಬರ್ಗ್ ಬೆಟ್ಟದ್ದು. ಇಂಥ ಕಲ್ಲುರಾಶಿಗೆ ಭೂಗೋಳದಲ್ಲಿ ಮೊರೇನ್ ಅನ್ನುತ್ತಾರೆ. ಯಾವ ಹಿಮನದಿಯನ್ನೇ ನೋಡಿ, ಬೆನ್ನ ಮೇಲಿನ ಗೆರೆ ಎಣಿಸಿದರೆ ಮೇಲೆ ಎಷ್ಟು ಕವಲು ಸೇರಿವೆ ಅಂತ ಹೆಚ್ಚುಕಡಿಮೆ ಹೇಳಬಹುದು.

ಹತ್ತಿರ ಹೋದರೆ ಇನ್ನೊಂದು ತಮಾಷೆ. ದೂರದಿಂದ ಬಳಿದ ಬಣ್ಣದ ಹಾಗೆ ಕಾಣುವ ಈ ಗೆರೆ ನಿಜಕ್ಕೂ ಒಂದು ದಿಬ್ಬ. ಕಲ್ಲು ದಪ್ಪಗೆ ಮುಚ್ಚಿದ ಕಡೆ ಬಿಸಿಲು ತಾಗದೆ ಹಿಮ ಉಳಿಯುತ್ತದೆ, ಅಕ್ಕಪಕ್ಕದ್ದು ಕರಗಿ ತಗ್ಗಾಗುತ್ತದೆ. ಆದರೆ ಬರೀ ಧೂಳು ತೆಳ್ಳಗೆ ಕೂತರೆ ಉಲ್ಟಾ. ಕಪ್ಪು ಧೂಳು ಬಿಸಿಲು ಹೀರಿ ಹಿಮವನ್ನು ಬೇಗ ಕರಗಿಸುತ್ತದೆ. ಒಂದೊಂದು ಕಡೆ ದೊಡ್ಡ ಚಪ್ಪಡಿ ಕಲ್ಲೊಂದು ಹಿಮದ ಕಂಬದ ಮೇಲೆ ಅಣಬೆಯ ಹಾಗೆ ನಿಂತಿರುತ್ತದೆ. ಯಾರೂ ನಿಲ್ಲಿಸಿದ್ದಲ್ಲ, ತನ್ನ ನೆರಳಲ್ಲಿ ತಾನೇ ನಿಂತದ್ದು.

ಪ್ರಶ್ನೆ: ಫ್ರಿಜ್ಜಿನ ಐಸ್ ನೆಲಕ್ಕೆ ಬಿದ್ದರೆ ಚೂರಾಗುತ್ತದೆ. ಅಂಥದ್ದು ನದಿ ಥರ ಹರಿಯುತ್ತದೆ ಅಂದರೆ ನಂಬುವುದು ಹೇಗೆ? ಪಠ್ಯಪುಸ್ತಕದಲ್ಲಿ ‘ಚಲಿಸುವ ಹಿಮರಾಶಿ’ ಅಂತ ಬರೆದು ಬಿಟ್ಟಿದ್ದಾರೆ, ಹೇಗೆ ಅಂತ ಹೇಳಿಲ್ಲ.
(ಪಿಯುಸಿ ವಿದ್ಯಾರ್ಥಿನಿ, ಶಿರಸಿ)

ಒಳ್ಳೆ ಪ್ರಶ್ನೆ. ರಸ್ತೆ ಕೆಲಸ ನಡೆಯುವ ಕಡೆ ಹಳೆಯ ಡಾಂಬರು ಡ್ರಮ್ಮು ಒಡೆದು ಬಿದ್ದಿರುವುದನ್ನು ನೋಡಿದ್ದೀಯಾ? ಸುತ್ತಿಗೆಯಲ್ಲಿ ಹೊಡೆದರೆ ಗಾಜಿನ ಹಾಗೆ ಚೂರು ಹಾರುತ್ತದೆ. ಆದರೆ ಎರಡು ತಿಂಗಳು ಬಿಟ್ಟು ಅದೇ ಜಾಗಕ್ಕೆ ಹೋದರೆ ಆ ಗಡ್ಡೆ ತನ್ನಷ್ಟಕ್ಕೆ ಚಪ್ಪಟೆಯಾಗಿ ಹರಡಿಕೊಂಡಿರುತ್ತದೆ. ಒಂದೇ ವಸ್ತು: ಅವಸರ ಮಾಡಿದರೆ ಒಡೆಯುತ್ತದೆ, ಸಮಯ ಕೊಟ್ಟರೆ ಹರಿಯುತ್ತದೆ. ಮಂಜುಗಡ್ಡೆಯೂ ಹಾಗೇ. ಅದರೊಳಗಿನ ಹರಳುಗಳು ಇಸ್ಪೀಟು ಎಲೆಗಳ ಕಟ್ಟಿನ ಹಾಗೆ ಪದರ ಪದರವಾಗಿವೆ. ಮೇಲೆ ನೂರಾರು ಮೀಟರ್ ಹಿಮದ ಭಾರ ಬಿದ್ದಾಗ ಪದರ ಒಂದರ ಮೇಲೊಂದು ಜಾರುತ್ತದೆ. ಜೊತೆಗೆ, ತಳದಲ್ಲಿ ಕರಗಿದ ನೀರು ಬಂಡೆಯ ಮೇಲೆ ಎಣ್ಣೆಯ ಕೆಲಸ ಮಾಡುತ್ತದೆ, ಇಡೀ ರಾಶಿಯೇ ಜಾರುತ್ತದೆ.

ವೇಗ ಎಷ್ಟು? ಕೊಂಕೊರ್ಡಿಯಾ ಹತ್ತಿರ ವರ್ಷಕ್ಕೆ ಹತ್ತಿರ ಹತ್ತಿರ 200 ಮೀಟರ್, ಅಂದರೆ ದಿನಕ್ಕೆ ಅರ್ಧ ಮೀಟರ್. ಕೆಳಗೆ ಹೋದ ಹಾಗೆ ಅದರ ಅರ್ಧಕ್ಕೂ ಕಡಿಮೆ. ನಡು ಭಾಗ ಬೇಗ ಹೋಗುತ್ತದೆ, ಅಂಚು ಬಂಡೆಗೆ ತಿಕ್ಕಿ ಹಿಂದೆ ಬೀಳುತ್ತದೆ. ಹೊಳೆಯಲ್ಲೂ ಹಾಗೇ ಅಲ್ವಾ, ದಡದ ಹತ್ತಿರ ನೀರು ಸೋಮಾರಿ. ಹಿಮದ ಮೇಲೆ ಅಡ್ಡಕ್ಕೆ ನೇರ ಸಾಲಿನಲ್ಲಿ ಗೂಟ ನೆಟ್ಟು ಬಂದರೆ ಮುಂದಿನ ವರ್ಷ ಆ ಸಾಲು ಬಿಲ್ಲಿನ ಹಾಗೆ ಬಾಗಿರುತ್ತದೆ.

ಇನ್ನು ನೀನು ಹೇಳಿದ ಒಡೆಯುವ ಐಸ್ ಕೂಡ ಸುಳ್ಳಲ್ಲ. ಹಿಮನದಿಯ ಮೇಲ್ಪದರದಲ್ಲಿ ಭಾರ ಕಡಿಮೆ, ಹಾಗಾಗಿ ಅದು ಹರಿಯುವುದಿಲ್ಲ, ಕೆಳಗಿನ ಪದರ ಎಳೆದ ಹಾಗೆಲ್ಲ ಬಿರಿಯುತ್ತದೆ. ಆ ಬಿರುಕುಗಳು 30 ಮೀಟರ್‌ವರೆಗೂ ಆಳ ಹೋಗುತ್ತವೆ. ಅದಕ್ಕಿಂತ ಕೆಳಗೆ ಒತ್ತಡಕ್ಕೆ ಬಾಯಿ ಮುಚ್ಚಿಕೊಳ್ಳುತ್ತದೆ. ಬಿರುಕಿನೊಳಗೆ ಬಗ್ಗಿ ನೋಡಿದರೆ ನೀಲಿ. ಗಟ್ಟಿ ಹಿಮ ಬೆಳಕಿನ ಕೆಂಪನ್ನು ನುಂಗಿಕೊಳ್ಳುತ್ತದೆ, ಅದಕ್ಕೆ.

ಪ್ರಶ್ನೆ: ಮಂಜು, ಹಿಮ, ಐಸ್, ಮೂರೂ ಒಂದೇನಾ ಬೇರೆನಾ? ನಮ್ಮ ಕಡೆ ಬೆಳಿಗ್ಗೆ ಕಾಣುವುದಕ್ಕೂ ಮಂಜು ಅಂತೀವಿ.
(ಕಾಫಿ ಬೆಳೆಗಾರರು, ಮಡಿಕೇರಿ)

ತಪ್ಪು ನಿಮ್ಮದಲ್ಲ, ಹಿಮವೇ ಬೀಳದ ನಾಡಿನ ಭಾಷೆ ನಮ್ಮದು. ಮಡಿಕೇರಿಯಲ್ಲಿ ಕಣ್ಣಿಗೆ ಅಡ್ಡ ಬರುವುದೂ ಮಂಜು, ಹಿಮಾಲಯದಲ್ಲಿ ಬೀಳುವುದೂ ಮಂಜು, ಕಬ್ಬಿನ ಹಾಲಿಗೆ ಹಾಕುವುದೂ ಮಂಜುಗಡ್ಡೆ. ಆಲ್ಪ್ಸ್ ಜನಕ್ಕೆ ಇದರಲ್ಲಿ ಒಂದು ಹೆಸರು ಜಾಸ್ತಿಯೇ ಇದೆ: ಫಿರ್ನ್. ಹೋದ ವರ್ಷದ್ದು ಅಂತ ಅದರ ಅರ್ಥ. ಈ ಚಳಿಗಾಲದಲ್ಲಿ ಬಿದ್ದ ಹಿಮ ಬೇಸಿಗೆಯಲ್ಲೂ ಕರಗದೆ ಉಳಿಯಿತು ಅಂದರೆ ಅದು ಫಿರ್ನ್.

ಹೊಸ ಹಿಮ ಹತ್ತಿಯ ಹಾಗೆ, ಮುಕ್ಕಾಲು ಪಾಲಿಗಿಂತ ಜಾಸ್ತಿ ಗಾಳಿಯೇ. ವರ್ಷ ವರ್ಷ ಅದರ ಮೇಲೆ ಇನ್ನೊಂದು, ಮತ್ತೊಂದು ಪದರ ಬಿದ್ದು ಗಾಳಿ ಹೊರಗೆ ಹೋಗಿ ಕಾಳು ಕಾಳಾಗಿ, ಆಮೇಲೆ ಗಟ್ಟಿ ಗಡ್ಡೆಯಾಗುತ್ತದೆ. ಆ ಗಡ್ಡೆ ಹರಿಯಲು ಶುರು ಮಾಡಿದಾಗ ಹಿಮನದಿ.

ನನಗೆ ಇದನ್ನು ಅಂಗಡಿಯ ಜಮಾ-ಖರ್ಚಿನ ಹಾಗೆ ನೋಡಿದರೆ ಸುಲಭ. ಆಲೆಚ್‌ನಲ್ಲಿ ಸುಮಾರು 3,000 ಮೀಟರ್ ಎತ್ತರದಲ್ಲಿ ಒಂದು ಗಡಿ ಇದೆ ಅಂತಿಟ್ಟುಕೊಳ್ಳಿ. ಅದರ ಮೇಲೆ ವರ್ಷವಿಡೀ ಬಿದ್ದದ್ದು ಕರಗಿದ್ದಕ್ಕಿಂತ ಜಾಸ್ತಿ, ಜಮಾ. ಅದರ ಕೆಳಗೆ ಕರಗಿದ್ದೇ ಜಾಸ್ತಿ, ಖರ್ಚು. ಮೇಲಿನ ಉಳಿತಾಯವನ್ನು ಕೆಳಗೆ ಸಾಗಿಸುವ ಗಾಡಿಯೇ ಹಿಮನದಿ. ಆಲೆಚ್‌ನ ಬಾಲ ಇಳಿದು ಇಳಿದು ಸುಮಾರು 1,600 ಮೀಟರಿನವರೆಗೆ ಬರುತ್ತದೆ. ಅಂದರೆ ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಕೆಳಗೆ! ಅಲ್ಲಿ ಒಂದು ವಿಚಿತ್ರ ಕಾಣುತ್ತದೆ, ಹಿಮ ಕೆಳಗೆ, ಕಾಡು ಮೇಲೆ. ಪಕ್ಕದ ಇಳಿಜಾರಿನಲ್ಲಿ ಆಲೆಚ್ ಕಾಡು ಅಂತಲೇ ಹೆಸರಿರುವ ಪೈನ್ ಕಾಡಿದೆ, 1933ರಿಂದ ರಕ್ಷಿತ, ಕೆಲವು ಮರಗಳಿಗೆ ನೂರಾರು ವರ್ಷ ವಯಸ್ಸು. ಮರದ ನೆರಳಲ್ಲಿ ಕೂತು ಕೆಳಗಿರುವ ಹಿಮ ನೋಡುವುದು ನಮ್ಮ ತಲೆಯಲ್ಲಿರುವ ಚಿತ್ರಕ್ಕೆ ಪೂರ್ತಿ ತಲೆಕೆಳಗು.

ಪ್ರಶ್ನೆ: ದಪ್ಪ ಎಷ್ಟಿರಬಹುದು? ಒಟ್ಟು ಎಷ್ಟು ನೀರು? ನಮಗೆ ಅರ್ಥವಾಗುವ ಲೆಕ್ಕದಲ್ಲಿ ಹೇಳಿ, ಘನ ಕಿಲೋಮೀಟರ್ ಎಲ್ಲ ಬೇಡ.
(ನಿವೃತ್ತ ಎಂಜಿನಿಯರ್, ಮಂಡ್ಯ)

ಎಂಜಿನಿಯರ್ ಆಗಿ ಘನ ಕಿಲೋಮೀಟರ್ ಬೇಡ ಅಂದದ್ದು ನೀವೊಬ್ಬರೇ ಇರಬೇಕು! ಕೊಂಕೊರ್ಡಿಯಾದಲ್ಲಿ ದಪ್ಪ ಸುಮಾರು 900 ಮೀಟರ್ ಅಂತ ಅಳೆದಿದ್ದಾರೆ. ಜೋಗದ ಎತ್ತರ 253 ಮೀಟರ್. ಮೂರೂವರೆ ಜೋಗ ಒಂದರ ಮೇಲೊಂದು ನಿಲ್ಲಿಸಿದಷ್ಟು ಹಿಮ. ಇಡೀ ಹಿಮನದಿಯ ತೂಕ ಸುಮಾರು 1,000 ಕೋಟಿ ಟನ್. ನೀರು ಮಾಡಿದರೆ ಮುನ್ನೂರು ಟಿಎಂಸಿ ಮೀರುತ್ತದೆ. ಕೆಆರ್‌ಎಸ್ ತುಂಬಿದಾಗ 49 ಟಿಎಂಸಿ ಚಿಲ್ಲರೆ. ಅಂದರೆ ಆರೇಳು ಕೆಆರ್‌ಎಸ್, ಬೆಟ್ಟದ ಸಂದಿಯಲ್ಲಿ ಅಣೆಕಟ್ಟೇ ಇಲ್ಲದೆ ನಿಂತಿದೆ.

ಪ್ರಶ್ನೆ: ಅಷ್ಟು ನೀರು ಎಲ್ಲಿಗೆ ಹೋಗುತ್ತೆ? ಅಲ್ಲಿನ ರೈತರಿಗೆ ಏನಾದರೂ ಉಪಯೋಗ ಉಂಟಾ, ಇಲ್ಲ ಪ್ರವಾಸಿಗರಿಗೆ ಮಾತ್ರಾನಾ?
(ರೈತ, ಚಳ್ಳಕೆರೆ)

ನಿಮ್ಮ ಪ್ರಶ್ನೆಗೆ ಸ್ವಲ್ಪ ಜಾಸ್ತಿ ಜಾಗ ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಆಲೆಚ್‌ನ ಕೆಳಗಿನ ಕಣಿವೆ ನಿಮ್ಮ ಚಳ್ಳಕೆರೆಗೆ ದೂರದ ನೆಂಟ. ಸ್ವಿಟ್ಜರ್ಲೆಂಡ್ ಅಂದರೆ ಎಲ್ಲೆಲ್ಲೂ ಹಸಿರು ಅಂತ ಸಿನಿಮಾ ನೋಡಿ ನಂಬಿದ್ದೇವೆ. ಈ ವಾಲಿಸ್ ಪ್ರಾಂತ್ಯ ಹಾಗಲ್ಲ. ಉತ್ತರಕ್ಕೂ ದಕ್ಷಿಣಕ್ಕೂ ಎತ್ತರದ ಬೆಟ್ಟದ ಗೋಡೆ, ಮೋಡಗಳು ಅಲ್ಲೇ ಖಾಲಿಯಾಗುತ್ತವೆ. ಕಣಿವೆಯ ತಳದ ಕೆಲವು ಊರುಗಳಿಗೆ ವರ್ಷಕ್ಕೆ 600 ಮಿಲಿಮೀಟರ್ ಆಸುಪಾಸು ಮಳೆ. ಮಳೆಯ ನೆರಳಿನ ನಾಡು.

ಹಿಮನದಿಯ ಬಾಯಿಂದ ಮಾಸಾ ಅನ್ನುವ ಹೊಳೆ ಹೊರಡುತ್ತದೆ. ನೀರು ಹಾಲಿನ ಹಾಗೆ ಬೆಳ್ಳಗೆ, ಶುದ್ಧ ಅಂತಲ್ಲ, ಹಿಮ ಬಂಡೆಯನ್ನು ಅರೆದ ಕಲ್ಲಿನ ಹಿಟ್ಟು ಅದರಲ್ಲಿದೆ. ಕೆಳಗೆ ಗೆಬಿಡೆಮ್ ಅಣೆಕಟ್ಟಿನಲ್ಲಿ ಆ ಹಿಟ್ಟು ಎಷ್ಟು ತುಂಬಿಕೊಳ್ಳುತ್ತದೆ ಅಂದರೆ ಅದನ್ನು ಆಗಾಗ ತೊಳೆದು ಬಿಡಬೇಕು. ಅಲ್ಲಿಂದ ವಿದ್ಯುತ್, ಆಮೇಲೆ ರೋನ್ ನದಿ, ಜಿನೀವಾ ಸರೋವರ, ಕೊನೆಗೆ ಫ್ರಾನ್ಸ್ ದಾಟಿ ಮೆಡಿಟರೇನಿಯನ್ ಸಮುದ್ರ. ಮೇಲೆ ಯುಂಗ್‌ಫ್ರೌಯೋಖ್ ಅನ್ನುವ, ಬೆಟ್ಟಗಳ ನಡುವಿನ ದಾರಿಯ ಉತ್ತರಕ್ಕೆ ಕರಗಿದ ನೀರಾದರೆ ರೈನ್ ಸೇರಿ ಉತ್ತರ ಸಮುದ್ರಕ್ಕೆ ಹೋಗುತ್ತದೆ. ಸಕಲೇಶಪುರದಾಚೆ ಬಿಸಿಲೆ ಕಡೆ ಒಂದೇ ದಿಣ್ಣೆಯ ಎರಡು ಬದಿಯ ಮಳೆನೀರು ಎರಡು ಸಮುದ್ರ ಸೇರುತ್ತದಲ್ಲ, ಅದೇ ಕಥೆ.

ಈಗ ರೈತರ ವಿಷಯ. ಅಲ್ಲಿನ ಹಳ್ಳಿಯವರು ನೂರಾರು ವರ್ಷಗಳ ಹಿಂದೆಯೇ ಹಿಮನದಿಯ ಹೊಳೆಗಳಿಂದ ಕಾಲುವೆ ತೆಗೆದು ಹೊಲ, ಹುಲ್ಲುಗಾವಲಿಗೆ ನೀರು ತಂದರು. ಬಂಡೆ ಅಡ್ಡ ಬಂದ ಕಡೆ ಮರದ ಕಾಲುವೆಗಳನ್ನು ಪ್ರಪಾತದ ಗೋಡೆಗೆ ನೇತುಹಾಕಿ ಅದರಲ್ಲಿ ನೀರು ಹರಿಸಿದರು. ಯಾರ ಹೊಲಕ್ಕೆ ಎಷ್ಟು ಹೊತ್ತು ನೀರು ಅಂತ ಮರದ ಕಡ್ಡಿಯ ಮೇಲೆ ಗುರುತು ಕೆತ್ತಿ ಇಟ್ಟುಕೊಳ್ಳುತ್ತಿದ್ದರು. ನಮ್ಮ ಕೆರೆಗಳಿಗೆ ನೀರಗಂಟಿ ಇದ್ದ ಹಾಗೆ ಅಲ್ಲೂ ಕಾಲುವೆಗೆ ಕಾವಲುಗಾರ. ನನಗೆ ತುಂಬಾ ಇಷ್ಟವಾದದ್ದು ಅವರ ಸುತ್ತಿಗೆ. ಕಾಲುವೆಯ ನೀರಿನಿಂದ ತಿರುಗುವ ಚಕ್ರಕ್ಕೆ ಒಂದು ಸುತ್ತಿಗೆ ಕಟ್ಟಿ, ಅದು ಹಲಗೆಗೆ ಟಕ್ ಟಕ್ ಅಂತ ಬಡಿಯುತ್ತಿರುವ ಹಾಗೆ ಮಾಡಿರುತ್ತಿದ್ದರು. ರಾತ್ರಿ ಆ ಸದ್ದು ಕೇಳುತ್ತಿದ್ದರೆ ಕಾವಲುಗಾರನಿಗೆ ನಿದ್ದೆ. ಸದ್ದು ನಿಂತರೆ ಎಲ್ಲೋ ಕಾಲುವೆ ಒಡೆದಿದೆ ಅಂತ ಲಾಟೀನು ಹಿಡಿದು ಹೊರಡಬೇಕು.

ಇನ್ನೊಂದು ಮಾತು ನಿಮಗೆ ಹೊಟ್ಟೆಕಿಚ್ಚು ತರಿಸೀತು. ನಮ್ಮ ಕೆರೆ ಬರಗಾಲದಲ್ಲೇ ಬತ್ತುತ್ತದೆ. ಹಿಮನದಿ ಹಾಗಲ್ಲ, ಬಿಸಿಲು ಹೆಚ್ಚಾದಷ್ಟೂ ನೀರು ಹೆಚ್ಚು ಕೊಡುತ್ತದೆ. ಮಳೆ ಕೈಕೊಟ್ಟ ವರ್ಷವೇ ಹೊಳೆ ತುಂಬಿ ಬರುತ್ತದೆ. ಆದರೆ ಅದು ಬಡ್ಡಿಯಲ್ಲ, ಅಸಲು. ಅಸಲು ಕರಗುತ್ತಾ ಹೋದರೆ ಆಮೇಲೆ ಬೇಸಿಗೆಯ ನೀರು ಇಳಿಮುಖ, ಅಲ್ಲೂ ಚಳ್ಳಕೆರೆಯ ಗತಿಯೇ.

ಪ್ರಶ್ನೆ: ಹಿಮನದಿಯಿಂದ ಕಾಪಾಡು ಅಂತ ಪೂಜೆ ಮಾಡಿಸುವ ಊರು ಇದೆ ಅಂತ ಯಾರೋ ಹೇಳಿದರು. ನಿಜಾನಾ?
(ಅಂಗನವಾಡಿ ಕಾರ್ಯಕರ್ತೆ, ಗದಗ)

ನಿಜ. ಆಲೆಚ್‌ನ ಪಕ್ಕದ ಫೀಶ್, ಫೀಶರ್‌ಟಾಲ್ ಹಳ್ಳಿಗಳ ಕಥೆ ಅದು. ಆಗೆಲ್ಲ ಹಿಮನದಿ ಬೆಳೆಯುತ್ತಿತ್ತು, ಮನೆ-ಮೇವಿನ ಕಡೆಗೇ ಬರುತ್ತಿತ್ತು. ಜೊತೆಗೆ ಮೆರ್ಯೆಲೆನ್ ಅನ್ನುವ ಸರೋವರದ ಕಾಟ. ಪಕ್ಕದ ಕಣಿವೆಯ ಬಾಯಿಗೆ ಹಿಮವೇ ಅಣೆಕಟ್ಟಿನ ಹಾಗೆ ಅಡ್ಡ ನಿಂತು ಹಿಂದೆ ನೀರು ಕಟ್ಟಿಕೊಳ್ಳುತ್ತಿತ್ತು, ಒಂದು ದಿನ ದಾರಿ ಮಾಡಿಕೊಂಡು ಒಮ್ಮೆಲೇ ನುಗ್ಗುತ್ತಿತ್ತು. ಜನ 1678ರಲ್ಲಿ ದೇವರಿಗೆ ಹರಕೆ ಹೊತ್ತರು: ನಾವು ನೀತಿಯಿಂದ ಬದುಕುತ್ತೇವೆ, ನೀನು ಹಿಮನದಿಯನ್ನು ತಡೆ. 1862ರಿಂದ ವರ್ಷಕ್ಕೊಂದು ಮೆರವಣಿಗೆಯನ್ನೂ ಸೇರಿಸಿದರು. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸರೋವರದ ನೀರು ಹೊರಹಾಕಲು ಸುರಂಗವನ್ನೂ ಕೊರೆದರು. ಅಷ್ಟರಲ್ಲಿ ಹಿಮನದಿಯೇ ತಗ್ಗತೊಡಗಿತ್ತು, ಪಾಪ, ಸುರಂಗಕ್ಕೆ ಕೆಲಸ ಸಿಕ್ಕಿದ್ದು ಬಹಳ ಕಡಿಮೆ.

ಆಮೇಲಿನದ್ದು ಇನ್ನೂ ಸ್ವಾರಸ್ಯ. ಹರಕೆ ಫಲಿಸಿತು, ಫಲಿಸಿದ್ದು ಜಾಸ್ತಿಯಾಯಿತು. ಹಿಮನದಿ ಹಿಂದೆ ಹೋಗುತ್ತಲೇ ಇತ್ತು. ಹಾಗಾಗಿ ಊರವರು ಪ್ರಾರ್ಥನೆಯನ್ನು ತಿರುವಿ ಹಾಕಲು ಅನುಮತಿ ಕೊಡಿ ಅಂತ ಪೋಪ್‌ಗೆ ಮೊರೆ ಹೋದರು. 2010ರಲ್ಲಿ ವ್ಯಾಟಿಕನ್ ಒಪ್ಪಿತು. ಈಗ ಹಿಮನದಿ ಕರಗದಿರಲಿ ಅಂತ ಬೇಡಿಕೊಳ್ಳುತ್ತಾರೆ. ನಿಮ್ಮ ಕಡೆ ಮಳೆಗೆ ಗುರ್ಜಿ ಆಡಿಸಿದ ಮೇಲೆ ಹೊಳೆ ಉಕ್ಕಿ ಊರಿಗೇ ಬಂದರೆ ಯಾರನ್ನು ಕೇಳಬೇಕು ಅಂತ ಅವರ ಹಾಗೆ ಕಾಗದ ಬರೆದು ವಿಚಾರಿಸಿದವರು ಯಾರೂ ಇಲ್ಲ ಅಂತ ಕಾಣುತ್ತದೆ.

ಪ್ರಶ್ನೆ: ಎಷ್ಟು ಕರಗಿದೆ ಅಂತ ಕಣ್ಣಿಗೆ ಕಾಣುತ್ತಾ? ಅಥವಾ ಬರೀ ವಿಜ್ಞಾನಿಗಳ ಲೆಕ್ಕಾನಾ?
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಕಣ್ಣಿಗಲ್ಲ, ಮೊಣಕಾಲಿಗೆ ಗೊತ್ತಾಗುತ್ತದೆ. ಕೊಂಕೊರ್ಡಿಯಾದ ಪಕ್ಕದ ಬಂಡೆಯ ಮೇಲೆ ಚಾರಣಿಗರಿಗೆ ಒಂದು ತಂಗುಮನೆ ಇದೆ. 1877ರಲ್ಲಿ ಕಟ್ಟಿದಾಗ ಹಿಮದಿಂದ ಅದು 50 ಮೀಟರಿನಷ್ಟೇ ಮೇಲಿತ್ತು. ಆಮೇಲೆ ಹಿಮ ತಗ್ಗುತ್ತಾ ಹೋಯಿತು, ಬಂಡೆಗೆ ಕಬ್ಬಿಣದ ಮೆಟ್ಟಿಲು ಹೊಡೆಯುತ್ತಾ ಬಂದರು, ಕೆಳಗೆ ಇನ್ನೊಂದಿಷ್ಟು, ಮತ್ತೊಂದಿಷ್ಟು. ಈಗ 450ಕ್ಕೂ ಜಾಸ್ತಿ ಮೆಟ್ಟಿಲು. ಇಡೀ ದಿನ ಹಿಮದ ಮೇಲೆ ನಡೆದು ಬಂದವರು ಕೊನೆಗೆ ಅಷ್ಟನ್ನೂ ಹತ್ತಬೇಕು. ಮನೆ ಇದ್ದಲ್ಲೇ ಇದೆ, ಅಂಗಳ ಇಳಿದುಹೋಯಿತು.

ಉದ್ದದ ಲೆಕ್ಕದಲ್ಲಿ, 1860ರ ಹೊತ್ತಿನಿಂದ ಈಚೆಗೆ 3 ಕಿಲೋಮೀಟರಿಗೂ ಜಾಸ್ತಿ ಹಿಂದೆ ಸರಿದಿದೆ. ಫೋಟೋದಲ್ಲಿ ಕಣಿವೆಯ ಎರಡೂ ಬದಿ ನೋಡಿ, ಮೇಲೆ ಹಸಿರು-ಕಂದು, ಕೆಳಗೆ ಬೋಳು ಬೂದು ಪಟ್ಟಿ. ಗೆರೆ ಎಳೆದ ಹಾಗಿದೆ. ಕೆರೆ ಬತ್ತಿದಾಗ ಏರಿಯ ಕಲ್ಲಿನ ಮೇಲೆ ನೀರಿನ ಗುರುತು ಉಳಿಯುತ್ತದಲ್ಲ, ಅದೇ. ಹಿಮ ಅಲ್ಲಿವರೆಗೆ ತುಂಬಿತ್ತು.

ಇನ್ನು ಲೆಕ್ಕ ಬೇಕೇ ಬೇಕು ಅಂದರೆ: 2022ರ ಒಂದೇ ವರ್ಷದಲ್ಲಿ ಸ್ವಿಟ್ಜರ್ಲೆಂಡಿನ ಹಿಮನದಿಗಳೆಲ್ಲ ಸೇರಿ ತಮ್ಮ ಹಿಮದ 6% ಕಳೆದುಕೊಂಡವು, 2023ರಲ್ಲಿ ಇನ್ನೂ 4%. 2022ರ ಚಳಿಗಾಲದಲ್ಲಿ ಹಿಮ ಕಡಿಮೆ ಬಿತ್ತು, ಸಹಾರಾ ಮರುಭೂಮಿಯ ಧೂಳು ಗಾಳಿಯಲ್ಲಿ ಬಂದು ಹಿಮದ ಮೇಲೆ ಕೂತಿತು, ಮೇಲೆ ಸುಡು ಬೇಸಿಗೆ. ಮೂರೂ ಒಟ್ಟಿಗೆ. ತಾಪಮಾನದ ಏರಿಕೆ 2 ಡಿಗ್ರಿಯೊಳಗೆ ನಿಂತರೂ 2100ರ ಹೊತ್ತಿಗೆ ಆಲೆಚ್‌ನ ಅರ್ಧ ಹಿಮವಾದರೂ ಹೋಗುತ್ತದೆ ಅಂತ ಜ್ಯೂರಿಕ್‌ನ ಇಟಿಎಚ್ ವಿಶ್ವವಿದ್ಯಾಲಯದವರು 2019ರಲ್ಲಿ ಲೆಕ್ಕ ಹಾಕಿದ್ದಾರೆ. ಇಷ್ಟು ದೊಡ್ಡ ಹಿಮನದಿ ನಿಧಾನಸ್ಥ, ಹತ್ತಾರು ವರ್ಷಗಳ ಹಿಂದಿನ ಸೆಕೆಗೆ ಈಗ ಬೆವರುತ್ತಿದೆ. ಈಗಿನದ್ದರ ಬೆವರು ಇನ್ನೂ ಬರಬೇಕು.

ಬೆಟ್ಟಗಳಿಗೂ ಇದರ ಬಿಸಿ ತಟ್ಟಿದೆ. ಹಿಮ ಒತ್ತಿ ಹಿಡಿದಿದ್ದ ಇಳಿಜಾರು ಈಗ ಆಸರೆ ಇಲ್ಲದೆ ಜಾರುತ್ತಿದೆ. 2016ರಲ್ಲಿ ಮೋಸ್‌ಫ್ಲೂ ಅನ್ನುವ ಕಡೆ ಇಳಿಜಾರು ಜೋರಾಗಿ ಸರಿದು ನೆಲ ಬಿರುಕು ಬಿಟ್ಟು ನಡೆಯುವ ದಾರಿಗಳನ್ನೇ ಮುಚ್ಚಬೇಕಾಯಿತು. (ಹೆಸರು ನಾನಿಟ್ಟಿದ್ದಲ್ಲ!)

ಪ್ರಶ್ನೆ: ಸಿಯಾಚಿನ್‌ನಲ್ಲಿ ನಮ್ಮ ಹನುಮಂತಪ್ಪ ಕೊಪ್ಪದ ಅವರು ಸಿಕ್ಕಿಕೊಂಡದ್ದು ಇಂಥ ಹಿಮನದಿಯ ಬಿರುಕಿನಲ್ಲೇ? ನಮ್ಮ ಹಿಮಾಲಯದ್ದಕ್ಕೂ ಆಲ್ಪ್ಸ್‌ನದ್ದಕ್ಕೂ ಏನು ವ್ಯತ್ಯಾಸ?
(ಪ್ರೌಢಶಾಲೆ ಶಿಕ್ಷಕರು, ಕುಂದಗೋಳ)

ಅಲ್ಲ ಮೇಷ್ಟ್ರೇ. ಬೆಟದೂರಿನ ಹನುಮಂತಪ್ಪನವರು ಮತ್ತು ಜೊತೆಗಿದ್ದ ಒಂಬತ್ತು ಯೋಧರ ಮೇಲೆ 2016ರ ಫೆಬ್ರವರಿಯಲ್ಲಿ ಬಿದ್ದದ್ದು ಹಿಮಕುಸಿತ, ಇಳಿಜಾರಿನಿಂದ ಒಮ್ಮೆಲೇ ಕಳಚಿ ಬೀಳುವ ರಾಶಿ. ಆರು ದಿನದ ಮೇಲೆ ಅವರನ್ನು ಜೀವಂತ ಹೊರತೆಗೆದರು, ಉಳಿಯಲಿಲ್ಲ. ಆ ಠಾಣೆಗಳು ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿವೆ, ಆದರೆ ಕೊಂದದ್ದು ನಿಧಾನಕ್ಕೆ ಹರಿಯುವ ಹಿಮವಲ್ಲ. ಪತ್ರಿಕೆಗಳು ಹಿಮಕುಸಿತಕ್ಕೂ ‘ಹಿಮಪಾತ’ ಅಂತ ಬರೆದು ಗೊಂದಲ ಮಾಡುತ್ತವೆ, ಸುಮ್ನೆ ಹಿಮ ಬೀಳುವುದಕ್ಕೂ ಅದೇ ಪದ.

ವ್ಯತ್ಯಾಸ ಕೇಳಿದ್ದೀರಿ. ಸಿಯಾಚಿನ್ 70 ಕಿಲೋಮೀಟರಿಗೂ ಉದ್ದ, ಗಂಗೋತ್ರಿ ಸುಮಾರು 30. ಆಲೆಚ್ ಅವುಗಳ ಮುಂದೆ ಚಿಕ್ಕ ತಮ್ಮ. ಆದರೆ ಗಂಗೋತ್ರಿ ಹಿಮನದಿ ಗೋಮುಖದ ಹತ್ತಿರ ಸುಮಾರು 4,000 ಮೀಟರಿನಲ್ಲೇ ಮುಗಿಯುತ್ತದೆ, ಆಲೆಚ್ 1,600ರವರೆಗೆ ಇಳಿಯುತ್ತದೆ. ಆಲ್ಪ್ಸ್ ಅಷ್ಟು ಉತ್ತರಕ್ಕಿದೆ. ಗಂಗೋತ್ರಿಯ ಕೆಳಭಾಗ ಪೂರ್ತಿ ಕಲ್ಲುಮಣ್ಣು ಹೊದ್ದು ಕೂತಿದೆ, ಗೊತ್ತಿಲ್ಲದವರು ಕಲ್ಲುಗುಡ್ಡೆ ಅಂದುಕೊಂಡು ಹಿಮನದಿಯ ಮೇಲೇ ನಡೆದುಬಿಡುತ್ತಾರೆ. ಇನ್ನೂ ಒಂದು: ಆಲ್ಪ್ಸ್‌ಗೆ ಜಮಾ ಆಗುವುದು ಚಳಿಗಾಲದಲ್ಲಿ, ಖರ್ಚು ಬೇಸಿಗೆಯಲ್ಲಿ. ನೇಪಾಳ, ಸಿಕ್ಕಿಂ ಕಡೆ ಮುಂಗಾರೇ ಹಿಮ ತರುತ್ತದೆ, ಹಾಗಾಗಿ ಜಮಾ-ಖರ್ಚು ಎರಡೂ ಒಂದೇ ಕಾಲದಲ್ಲಿ.

ಪ್ರಶ್ನೆ: ಅದರ ಮೇಲೆ ನಡೆಯಬಹುದಾ? ಏನು ಹಾಕಿಕೊಂಡು ಹೋಗಬೇಕು?
(ಬೆಂಗಳೂರು)

ಮಾರ್ಗದರ್ಶಿ ಇದ್ದರೆ, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು, ನಡೆಯಬಹುದು. ಒಬ್ಬರೇ ಬೇಡ. ಹೊಸ ಹಿಮ ಬಿರುಕಿನ ಮೇಲೆ ಚಾದರ ಹಾಸಿದ ಹಾಗೆ ಕೂತಿರುತ್ತದೆ. ನಾನು ಬರೀ ಮೇಲಿನಿಂದ ನೋಡಿದವನು. ಬಟ್ಟೆ ಶೂ ಹಾಕಿಕೊಂಡು ಹೋಗಿ ಬೆರಳು ಮರಗಟ್ಟಿದ್ದು, ಟೋಪಿ ಮರೆತು ಮೂಗು ಸಿಪ್ಪೆ ಎದ್ದದ್ದು ಎರಡೂ ಒಂದೇ ದಿನ. ರೈಲಿನಲ್ಲಿ ಯುಂಗ್‌ಫ್ರೌಯೋಖ್‌ಗೆ ಹೋಗುವವರು 3,454 ಮೀಟರ್ ಎತ್ತರಕ್ಕೆ ಆರಾಮಾಗಿ ಕೂತು ತಲುಪುತ್ತಾರೆ, 1912ರಿಂದ ಆ ರೈಲು ಓಡುತ್ತಿದೆ. ಅಲ್ಲಿಂದ ಕಾಣುವುದು ಆಲೆಚ್‌ನ ತಲೆ ಮಾತ್ರ. ಮೈ ನೋಡಬೇಕಾದರೆ ಎಗ್ಗಿಸ್‌ಹಾರ್ನ್‌ಗೇ ಹೋಗಬೇಕು.

ಪ್ರಶ್ನೆ: ಅಂಕಲ್, ನಾನು ಮೇಲೆ ನನ್ನ ಟೋಪಿ ಹಾಕಿದರೆ ಕೆಳಗೆ ಯಾವಾಗ ಬರುತ್ತೆ?
(7ನೇ ತರಗತಿ, ತೀರ್ಥಹಳ್ಳಿ)

ಬಂದ ಪ್ರಶ್ನೆಗಳಲ್ಲೆಲ್ಲ ನನಗೆ ಹೆಚ್ಚು ತಲೆ ತಿನ್ನಿಸಿದ್ದು ನಿನ್ನದೇ ಪುಟ್ಟಾ. ಮೊದಲು ನಿನ್ನ ಟೋಪಿ ಮುಂದಕ್ಕಲ್ಲ, ಒಳಕ್ಕೆ ಹೋಗುತ್ತದೆ. ಜಮಾ ಆಗುವ ಜಾಗದಲ್ಲಿ ವರ್ಷ ವರ್ಷ ಅದರ ಮೇಲೆ ಹಿಮ ಬೀಳುತ್ತದೆ, ಟೋಪಿ ಆಳಕ್ಕೆ ಇಳಿಯುತ್ತಾ ಹೋಗುತ್ತದೆ. ಖರ್ಚಿನ ಜಾಗಕ್ಕೆ ಬಂದ ಮೇಲೆ ಮೇಲಿನ ಹಿಮ ಕರಗಿ ಕರಗಿ, ಮತ್ತೆ ಮೇಲೆ ಕಾಣಿಸಿಕೊಳ್ಳುತ್ತದೆ.

ಇದಕ್ಕೆ ನಿಜವಾದ ಲೆಕ್ಕವಿದೆ, ಸ್ವಲ್ಪ ಬೇಸರದ್ದು. 1926ರಲ್ಲಿ ಹತ್ತಿರದ ಕಣಿವೆಯ ಮೂವರು ಅಣ್ಣತಮ್ಮಂದಿರು ಆಲೆಚ್ ದಾಟಲು ಹೋಗಿ ಕಾಣೆಯಾದರು. 2012ರಲ್ಲಿ ಅವರ ಮೂಳೆಗಳು ಕೆಳಗೆ ಸಿಕ್ಕವು. ಹಿಮ ಹರಿಯುವ ವೇಗವನ್ನು ಹಿಂದಕ್ಕೆ ಲೆಕ್ಕ ಹಾಕಿದ ವಿಜ್ಞಾನಿಗಳು ಅವರು ಸುಮಾರು 10 ಕಿಲೋಮೀಟರ್ ಮೇಲಿನಿಂದ ಬಂದಿದ್ದಾರೆ ಅಂತ ಕಂಡುಕೊಂಡರು. ಅಂದರೆ 86 ವರ್ಷಕ್ಕೆ 10 ಕಿಲೋಮೀಟರ್. ಈ ಲೆಕ್ಕದಲ್ಲಿ ತುದಿಯಿಂದ ಬುಡದವರೆಗೆ 20 ಕಿಲೋಮೀಟರಿಗೆ ನಿನ್ನ ಟೋಪಿಗೆ 170 ವರ್ಷ ಚಿಲ್ಲರೆ ಬೇಕು.

ಆದರೆ 1968ರಲ್ಲಿ ಮೇಲೆ ಬಿದ್ದ ಒಂದು ಪುಟ್ಟ ವಿಮಾನದ ಚೂರುಗಳು 2022ರ ಬೇಸಿಗೆಯಲ್ಲಿ ಯುಂಗ್‌ಫ್ರೌ, ಮೋಂಖ್ ಶಿಖರಗಳ ಹತ್ತಿರವೇ ಕಾಣಿಸಿಕೊಂಡವು. ಕೆಳಗೆ ಬರುವವರೆಗೆ ಕಾಯಲೇ ಇಲ್ಲ, ಮೇಲಿನ ಹಿಮವೇ ಹಾಗೆ ಕರಗಿತು. ಹಾಗಾಗಿ ನಿನ್ನ ಟೋಪಿಯೂ ಅಷ್ಟು ವರ್ಷ ತೆಗೆದುಕೊಳ್ಳಲಿಕ್ಕಿಲ್ಲ. ಹೆಸರು ಮಾತ್ರ ಒಳಗಡೆ ದಾರದಲ್ಲಿ ಹೊಲಿದು ಹಾಕು, ಪೆನ್ನಿನದ್ದು ಅಳಿಸಿಹೋಗುತ್ತದೆ.